ಹೆಲಿಕಾಪ್ಟರಿನ ಬಾಲಕ್ಕೆ ಮಲ್ಲಿಗೆ ಹಾರ

…ಅಥವಾ ಮಾವ ಆ ಮಾತು ಅಂದೇ ಇಲ್ಲವೇನೋ. ಬೇರೆ ಮದುವೆಗಳಲ್ಲಿ ಕೇಳಿದ್ದನ್ನು ನಾನೇ ತಂದು ಈ ಮದುವೆಗೆ ಅಂಟಿಸಿಕೊಂಡಿರಬಹುದು. ಕಣ್ಣ ಮುಂದೆ ಉಳಿದಿರುವುದು ಇಷ್ಟೇ: ಹಡಗಲಿಯ ಹೊರಗೆ ಮೆಕ್ಕೆಜೋಳ ಕಟಾವಾದ ಒಂದು ಹೊಲ, ಅದರ ನಡುವೆ ಬಿಳಿ ಹೆಲಿಕಾಪ್ಟರು, ನೆಲದ ತುಂಬ ಚೂರುಚೂರಾದ ಮಲ್ಲಿಗೆ, ಪೈಲಟ್‌ನ ಎದುರು ಎರಡೂ ಕೈ ಜೋಡಿಸಿ ನಿಂತ ನನ್ನ ಸೋದರಮಾವ. ಅವನ ತುಟಿ ಅಲುಗುತ್ತಿದೆ. ದನಿ ಇಲ್ಲ.

ಬಿಳಿ ಹೆಲಿಕಾಪ್ಟರು ಅಂದೆ. ಮದುವೆಯ ಫೋಟೋಗಳಲ್ಲಿ ಅದಕ್ಕೆ ಅಗಲವಾದ ನೀಲಿ ಪಟ್ಟೆ ಇದೆ. ನನ್ನ ನೆನಪಿನಲ್ಲಿ ಆ ಪಟ್ಟೆ ಇಲ್ಲ. ಫೋಟೋ ನೋಡಿದ ಮೇಲೂ ಬಂದು ಕೂರಲಿಲ್ಲ. ಅಷ್ಟು ದೊಡ್ಡ ಪಟ್ಟೆಯನ್ನೇ ಬಿಟ್ಟುಬಿಟ್ಟ ನೆನಪು ಒಂದು ಮಾತನ್ನು ಮಾತ್ರ ಸರಿಯಾಗಿ ಕಾಪಾಡಿಕೊಂಡಿದೆ ಎಂದು ಯಾರ ಮುಂದೆ ಹೇಳಲಿ? ಆದರೆ ಹೇಳಬೇಕಾಗಿ ಬಂತು. ಮಾವನ ಹೊಸ ವ್ಯಾಪಾರ ಉಳಿಯುತ್ತದೋ ಮುಳುಗುತ್ತದೋ ಎಂಬುದು, ಆ ಹೊತ್ತಿನಲ್ಲಿ ಅವನ ಬಾಯಿಂದ ಏನು ಬಂತು ಎಂಬುದರ ಮೇಲೆ ನಿಂತುಬಿಟ್ಟಿತು. ಅವನಿಗೆ ತೀರ ಹತ್ತಿರ ನಿಂತಿದ್ದವಳು ನಾನೇ.

ನನ್ನ ಕೆಲಸ ವಿಮೆ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮೆಟ್ಟಿಲು ಹತ್ತಿ ಹೋಗುವ ಒಂದು ಕೋಣೆ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾನು. ಟ್ರ್ಯಾಕ್ಟರು, ಬೈಕು, ಅಂಗಡಿಗೆ ಬೆಂಕಿ ವಿಮೆ, ಆಕಳು, ಎಮ್ಮೆ. ಕಿವಿಗೆ ಹಳದಿ ಬಿಲ್ಲೆ ಹೊಡೆಸಿಕೊಂಡ ಎಮ್ಮೆಗಳ ಫೋಟೋ ನನ್ನ ಫೋನಿನಲ್ಲಿ ಮನೆಯವರ ಫೋಟೋಗಳಿಗಿಂತ ಹೆಚ್ಚಿವೆ. ಈ ಕೆಲಸವನ್ನು ನಾನು ಚೆನ್ನಾಗಿ ಮಾಡುತ್ತೇನೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಪಾಲಿಸಿ ಮಾರುವಾಗ ಯಾವುದಕ್ಕೆ ಪರಿಹಾರ ಸಿಗುವುದಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಸಿಗುವುದನ್ನು ಜನ ತಾವೇ ಊಹಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು.

ಮಾವನದು ಕೊಟ್ಟೂರಿನಲ್ಲಿ ಶಾಮಿಯಾನದ ವ್ಯಾಪಾರ. ಪೆಂಡಾಲು, ಕುರ್ಚಿ, ಅಡುಗೆ ಪಾತ್ರೆ, ದೀಪದ ಸರ. ರಜೆ ಬಂದರೆ ನಾನು ಅವನ ಗೋಡೌನಿನಲ್ಲಿ ಸುತ್ತಿಟ್ಟ ಬಟ್ಟೆಯ ರಾಶಿಯ ಮೇಲೆ ಬಿದ್ದುಕೊಂಡಿರುತ್ತಿದ್ದೆ. ಆ ಬಟ್ಟೆಗಳಿಗೆ ಯಾರ್ಯಾರದೋ ಮದುವೆಯ ಸಾರಿನ ವಾಸನೆ. ಆ ವ್ಯಾಪಾರಕ್ಕೆ ಅವನದೊಂದು ಕ್ರಮವಿತ್ತು. ಮದುವೆಯಲ್ಲಿ ಏನೇ ಕೆಡಲಿ, ತಪ್ಪು ಶಾಮಿಯಾನದವನದು. ಕುರ್ಚಿಯ ಕಾಲು ಮುರಿದು ಬೀಗರು ಬಿದ್ದರೆ, ಹೆಣ್ಣಿನವರು ಅಕ್ಕಿ ಕಡಿಮೆ ತಂದು ಅನ್ನ ಸಾಲದೆ ಹೋದರೆ, ಕರೆಂಟು ಹೋದರೆ, ಕೊನೆಗೆ ಮಳೆ ಬಂದರೂ, ಮಾವ ಜಗಳದ ನಡುವೆ ಹೋಗಿ ನಿಂತು ಕೈ ಮುಗಿಯುತ್ತಿದ್ದ. "ನಂದೇ ತಪ್ಪು, ತಾಳ್ರಿ, ಈಗ ಸರಿ ಮಾಡ್ತೀನಿ." ಮಳೆಗೆ ತಾನೇ ತಪ್ಪಿತಸ್ಥ ಅನ್ನುವವನ ಹತ್ತಿರ ಯಾರು ಜಗಳವಾಡುತ್ತಾರೆ? ಮದುವೆ ಮುಂದೆ ಸಾಗುತ್ತಿತ್ತು. ಖರೆ ಯಾರ ತಪ್ಪು ಎಂಬ ಮಾತು ಏನಿದ್ದರೂ ಪಾತ್ರೆ ವಾಪಸು ಬರುವ ದಿನ, ಗೋಡೌನಿನಲ್ಲಿ, ಚಹಾ ಕುಡಿಯುತ್ತ. ಅಲ್ಲಿ ಮಾವ ಒಂದು ಸೌಟನ್ನೂ ಬಿಡುವವನಲ್ಲ. ನಮ್ಮ ಕಡೆ ಶಾಮಿಯಾನದವರೆಲ್ಲ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ. ಮೊದಲು ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು, ಆಮೇಲೆ ನಿಧಾನವಾಗಿ ಅದನ್ನು ಇಳಿಸುವುದು.

ಹೆಲಿಕಾಪ್ಟರಿಗೆ ಅವನು ಬಂದದ್ದು ಪೆಂಡಾಲಿನ ದಾರಿಯಿಂದಲೇ. ಚುನಾವಣೆ ಬಂದಾಗ ದೊಡ್ಡವರು ಇಳಿಯುವ ಮೈದಾನಕ್ಕೆ ಸುಣ್ಣದಲ್ಲಿ ಎಚ್ ಅಕ್ಷರ ಬರೆಸುವುದು, ಧೂಳು ಏಳದ ಹಾಗೆ ಟ್ಯಾಂಕರಿನಿಂದ ನೀರು ಹೊಡೆಸುವುದು, ಹಗ್ಗ ಕಟ್ಟಿಸಿ ಜನರನ್ನು ತಡೆಯುವುದು, ಪೊಲೀಸರ ಪರವಾನಗಿಗೆ ಓಡಾಡುವುದು, ಇವೆಲ್ಲ ಅವನಿಗೆ ರೂಢಿಯಾಗಿದ್ದವು. ಒಂದು ದಿನ ಯಾರೋ ಕೇಳಿದರಂತೆ: "ಲೀಡರಿಗೆ ತರಸ್ತೀ, ನಮ್ಮ ಹುಡುಗನ ಮದುವಿಗೆ ತರಸಾಕ ಬರಲ್ಲೇನು?" ಬೆಂಗಳೂರಿನ ಕಂಪನಿಯೊಂದರಿಂದ ಬಾಡಿಗೆಗೆ ತರಿಸಿದ. ಮದುವೆಗೆ ಹೆಲಿಕಾಪ್ಟರು ತರಿಸುವ ಶಾಮಿಯಾನದವ ಎಂದು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಹೆಸರಾದ.

ಆಗ ನಾನು ಅವನನ್ನು ನನ್ನ ಕೋಣೆಗೆ ಕರೆಸಿ ಕೂರಿಸಿದೆ.

"ಮಾವ, ಇದಕ್ಕ ಹೊಣಿ ವಿಮಾ ಬೇಕು."

"ಹೆಲಿಕಾಪ್ಟರಿಗೆ ಅವರದು ಇರ್ತೈತೆಲ್ಲ. ನನಗ್ಯಾಕ?"

"ಅದು ಅವರನ್ನ ಕಾಯ್ತೈತಿ, ನಿನ್ನಲ್ಲ. ಅದನ್ನ ಹೊಲಕ್ಕ ಕರಕೊಂಡು ಬಂದೋನು ಯಾರು? ನೀನು. ಗಾಳಿಗೆ ಬಾಜೂಕಿನ ಮನಿ ತಗಡು ಹಾರಿ ಯಾರಿಗಾರ ಬಡಿದ್ರ ಜನ ಬೆಂಗಳೂರಿಗೆ ಹೋಗ್ತಾರೇನು? ಕೊಟ್ಟೂರಿಗೇ ಬರ್ತಾರ."

"ಬರಲಿ ಬಿಡು. ಇಲ್ಲಿತನಕ ಎಲ್ಲದಕ್ಕೂ ನನ್ನ ಕಡಿಗೇ ಬಂದಾರ."

"ಬಂದಾರ, ಖರೆ. ಅವಾಗ ಕುರ್ಚಿ ಮುರೀತಿದ್ವು. ಈಗ ಜನಕ್ಕ ಪೆಟ್ಟಾದ್ರ? ಇಲ್ಲಾ ಹೆಲಿಕಾಪ್ಟರಿಗೇ ಏನಾರ ಆದ್ರ?"

ಮಾವನ ಮುಖ ಅರಳಿತು. "ಅಂದ್ರ ಬಾಡಿಗಿ ಪಾತ್ರಿ ನೆಗ್ಗಿದಂಗ."

"ಹ್ಞೂ. ಬಾಡಿಗಿ ಪಾತ್ರಿ ನೆಗ್ಗಿದಂಗ."

ನಮ್ಮ ವಿಭಾಗೀಯ ಕಚೇರಿಯಲ್ಲಿ ಇದನ್ನು ನನಗೆ ವಿವರಿಸಲು ಒಬ್ಬರು ಒಂದು ಮಧ್ಯಾಹ್ನ ತೆಗೆದುಕೊಂಡಿದ್ದರು. ತನ್ನದಲ್ಲದ ವಿಮಾನವನ್ನು ಬಾಡಿಗೆಗೆ ತಂದು ವ್ಯಾಪಾರ ಮಾಡುವವನ ಹೊಣೆಗಾರಿಕೆಯಲ್ಲಿ ಎರಡು ಪಾಲು ಇರುತ್ತವೆ: ಹೊರಗಿನ ಜನಕ್ಕೆ, ಅವರ ಆಸ್ತಿಗೆ ಆಗುವ ಹಾನಿ ಒಂದು, ಬಾಡಿಗೆಗೆ ತಂದ ಆ ಯಂತ್ರಕ್ಕೇ ಆಗುವ ಹಾನಿ ಇನ್ನೊಂದು. ಎರಡನೆಯದನ್ನು ಕೇಳಿ ಸೇರಿಸಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ಹೆಚ್ಚಿನವರು ಅದನ್ನು ಬಿಡುತ್ತಾರೆ. ಮಾವ ಬಿಡಲಿಲ್ಲ.

"ಇನ್ನೊಂದು ಮಾತು," ಅಂದೆ. "ಏನಾರ ಆದ್ರ ತಪ್ಪು ನಂದು ಅಂತ ಯಾರ ಮುಂದೂ ಒಪ್ಕೋಬಾರದು. ಇನ್ಶೂರೆನ್ಸ್ ಕಂಪನಿಗೆ ಕೇಳಲಾರದ ಒಪ್ಪಿಕೊಂಡ್ರ ಕ್ಲೇಮು ಕೊಡಲ್ಲ ಅನ್ನಬಹುದು ಅವರು."

"ಮತ್ತೇನ ಅನ್ನಬೇಕು?"

"ಏನೂ ಅನ್ನಬಾರದು. ನನಗ ಫೋನ್ ಮಾಡಬೇಕು."

"ಲೇ ಯವ್ವಾ, ಬೀಗರು ಕೊಳ್ಳಪಟ್ಟಿ ಹಿಡದಾಗ ನಿನಗ ಫೋನ್ ಮಾಡ್ಕೋಂತ ನಿಂದರ್ಲಾ? ಮದುವಿ ಮುಗಿಯೋದು ಯಾವಾಗ?"

ಈ ಮಾತುಕತೆ ನಡೆದದ್ದು ಖರೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ; ಕೆಳಗಿನ ಅಂಗಡಿಯವನು ಯೂರಿಯಾ ಚೀಲ ಇಳಿಸುವ ಸದ್ದಿಗೆ ನಾವು ದನಿ ಏರಿಸಿದ್ದು ಕೂಡ ಕಿವಿಯಲ್ಲಿದೆ. ಇಷ್ಟು ಸ್ಪಷ್ಟವಾಗಿ ಇದು ಉಳಿದು ಅದು ಉಳಿಯದೆ ಹೋದದ್ದೇ ನನಗೆ ತಲೆಬಿಸಿ.

ಹಡಗಲಿಯ ಮದುವೆ ಹೂವಿನ ವ್ಯಾಪಾರದವರ ಮನೆಯದು. ಹುಡುಗಿಯ ಅಜ್ಜಿ ಮಲ್ಲಿಗೆ ಬಿಡಿಸಿ, ಮಾರಿ, ಮನೆ ಕಟ್ಟಿದವಳು. ಇದನ್ನು ಆಕೆ ಪರಿಚಯವಾದ ಕೂಡಲೇ ತಾನೇ ಹೇಳುತ್ತಾಳೆ. ಹೆಲಿಕಾಪ್ಟರು ಬೇಕು ಅಂದವಳೂ ಆಕೆಯೇ. "ನಮ್ಮ ಹೂವು ದೇಶೆಲ್ಲ ತಿರುಗತೈತಿ. ನಮ್ಮ ಹುಡುಗಿ ಗಂಡನ ಮನಿಗೆ ಬಸ್ಸಿನ್ಯಾಗ ಹೋಗಬೇಕೇನು?" ಹುಡುಗ ಹರಪನಹಳ್ಳಿ ಕಡೆಯವನು. ಕಾರಿನಲ್ಲಿ ಊಟದ ಹೊತ್ತಿಗೆ ತಲುಪುವ ದಾರಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೆಳಿಗ್ಗೆ ಹೆಲಿಕಾಪ್ಟರು ಬಂದು ಸುಣ್ಣದ ಎಚ್ ಮೇಲೆ ಸರಿಯಾಗಿ ಇಳಿಯಿತು. ಆ ಎಚ್ ಸುತ್ತ ಹೆಂಗಸರು ಅಷ್ಟರಲ್ಲಾಗಲೇ ರಂಗೋಲಿ ಹಾಕಿ ಮುಗಿಸಿದ್ದರು. ರೆಕ್ಕೆಯ ಗಾಳಿಗೆ ಅದೆಲ್ಲ ಹಾರಿಹೋಯಿತು, ಸದ್ದು ನಿಂತ ಕೂಡಲೇ ಮತ್ತೆ ಹಾಕಿದರು. ಪೈಲಟ್ ಕೇರಳದವನೋ ಇನ್ನೆಲ್ಲಿಯವನೋ, ಕನ್ನಡ ಬಾರದು, ಮುಖದಲ್ಲಿ ಸದಾ ಒಂದು ಸಣ್ಣ ನಗು. ಕಂಪನಿಯಿಂದ ಅವನ ಜೊತೆ ಒಬ್ಬ ಕಾವಲಿನವನು ಬಂದಿದ್ದ. ಅವನ ಕೆಲಸ ಒಂದೇ, ಬಾಲದ ಹತ್ತಿರ ನಿಲ್ಲುವುದು, ಯಾರನ್ನೂ ಆ ಕಡೆ ಬಿಡದಿರುವುದು. ಹೆಲಿಕಾಪ್ಟರಿನ ಬಾಲದಲ್ಲಿ ಇನ್ನೊಂದು ಚಿಕ್ಕ ರೆಕ್ಕೆ ಇರುತ್ತದೆ, ನಿಂತು ತಿರುಗುವ ಫ್ಯಾನಿನಂತೆ. ತಿರುಗುವಾಗ ಅದು ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಅದೇ ದೊಡ್ಡ ಅಪಾಯ.

ಪೂಜೆ ಆಗಲೇಬೇಕಲ್ಲ. ಹೊಸ ಟ್ರ್ಯಾಕ್ಟರು ಮನೆಗೆ ಬಂದರೆ ಏನು ಮಾಡುತ್ತಾರೋ ಅದೇ. ಮೂತಿಗೆ ಕುಂಕುಮ, ಕೆಳಗಿನ ಕಬ್ಬಿಣದ ಕಾಲಿನ ಅಡಿಗೆ ಲಿಂಬೆಹಣ್ಣು, ಎದುರಿಗೆ ತೆಂಗಿನಕಾಯಿ. ಪೈಲಟ್ ತಲೆಯಾಡಿಸಿ ಒಪ್ಪಿದ. ಮೂತಿಗೆ ಒಂದು ಹಾರವನ್ನೂ ಹಾಕಿಸಿಕೊಂಡ, ಹಾರಾಟಕ್ಕೆ ಮೊದಲು ತಾನೇ ತೆಗೆದು ಅಜ್ಜಿಯ ಕೈಗೆ ಕೊಟ್ಟ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಆಮೇಲೆ ಊಟ. ಹೆಣ್ಣಿನ ಮನೆಯವರಿಗೆ ಒಬ್ಬ ಮನುಷ್ಯ ಹಸಿದು ಬಿಸಿಲಲ್ಲಿ ನಿಂತಿರುವುದನ್ನು ಸಹಿಸಲಾಗಲಿಲ್ಲ. ಹುಡುಗಿಯ ಚಿಕ್ಕಪ್ಪ ಹೋಗಿ ಕಾವಲಿನವನ ಕೈ ಹಿಡಿದ.

"ಬರ್ರಿ, ಉಂಡು ಬಂದು ನಿಂದರ್ರಿ."

"ಡ್ಯೂಟಿ ಸರ್."

"ಏ, ಡ್ಯೂಟಿ ಎಲ್ಲಿ ಓಡಿಹೋಗ್ತೈತ್ರಿ? ಕಾಲು ಮುರದುಕೊಂಡು ಅಲ್ಲೇ ಕುಂತೈತೆಲ್ಲ! ಹೋಳಿಗಿ ಆರಿ ಹೋಗ್ತಾವ, ಬರ್ರಿ."

ಎಳೆದುಕೊಂಡೇ ಹೋದರು. ಇತ್ತ ಪೈಲಟ್ ಸುತ್ತು ಹಾಕಿ ಎಲ್ಲವನ್ನೂ ನೋಡಿ ಒಳಗೆ ಕೂತ. ಮದುಮಕ್ಕಳು ಹತ್ತಿದರು. ಹುಡುಗಿ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು. ಕೂಡ್ಲಿಗಿಯ ಬ್ಯಾಂಡಿನವರು ತಮ್ಮ ಶಕ್ತಿಯೆಲ್ಲ ಹಾಕಿ ಬಾರಿಸುತ್ತಿದ್ದರು. ಪೈಲಟ್ ಸುತ್ತು ಮುಗಿಸಿ ಕೂತದ್ದಕ್ಕೂ ಎಂಜಿನ್ನು ಶುರುವಾದದ್ದಕ್ಕೂ ನಡುವೆ ಯಾರೋ ಹಗ್ಗ ದಾಟಿ ಹೋಗಿ ಬಾಲಕ್ಕೆ ಹಾರ ಹಾಕಿದರು. ತೋಳಿನಷ್ಟು ದಪ್ಪದ ಹಡಗಲಿ ಮಲ್ಲಿಗೆಯ ಹಾರ, ಹರಿಯಬಾರದೆಂದು ನೈಲಾನ್ ದಾರದಲ್ಲಿ ಕಟ್ಟಿದ್ದು.

ನನ್ನ ನೆನಪಿನಲ್ಲಿ ಅದನ್ನು ಹಾಕುವುದು ಹಸಿರು ಸೀರೆಯ ಒಬ್ಬ ಹೆಂಗಸು. ನಾನು ಆಕೆಯನ್ನು ನಂಬುವುದಿಲ್ಲ. ಹಾರ ಹಾಕಿದವರನ್ನು ಆಗ ನೋಡಿದ್ದರೆ ಕೂಗುತ್ತಿದ್ದೆ. ಕೂಗಲಿಲ್ಲ. ಅಂದಮೇಲೆ ನೋಡಲಿಲ್ಲ. ಆ ಹೆಂಗಸು ಆಮೇಲೆ ಬಂದು ನಿಂತವಳು, ಖಾಲಿ ಜಾಗಕ್ಕೆ.

ಎಂಜಿನ್ನು ಎದ್ದಿತು. ಬಟ್ಟೆ ಹರಿದಂಥ ಒಂದು ಸದ್ದು, ಹಿಂದೆಯೇ ಬಾಲದಿಂದ ಬೆಳ್ಳಗೆ ಏನೋ ಚಿಮ್ಮಿ ಆಕಾಶಕ್ಕೆ ಹೋಗಿ ಎಲ್ಲರ ತಲೆಯ ಮೇಲೆ ಉದುರತೊಡಗಿತು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಹೂಮಳೆ ಅಂದುಕೊಂಡರು. ಹರಪನಹಳ್ಳಿಯ ಬೀಗರಲ್ಲಿ ಒಬ್ಬರು ನನ್ನ ಕಡೆ ಬಾಗಿ, "ನಿಮ್ಮ ಮಾವ ಭಾರಿ ಪ್ಲ್ಯಾನ್ ಮಾಡ್ಯಾನೆ ಬಿಡಮ್ಮ, ಇಂಥದ್ದು ದಾವಣಗೆರೆಲೂ ನೋಡಿಲ್ಲ" ಅಂದರು. ಅಷ್ಟರಲ್ಲಿ ಪೈಲಟ್ ಎಂಜಿನ್ನು ಆರಿಸಿದ್ದ. ಅವನ ಮುಖದ ನಗು ಹೋಗಿತ್ತು.

ಯಾರಿಗೂ ಏನೂ ಆಗಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾರ ಹಾಕಿದವರು ಇನ್ನೊಂದು ಗಳಿಗೆ ತಡ ಮಾಡಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಮಾವ ಹಗ್ಗದಡಿ ನುಸುಳಿ ಓಡಿದ. ನಾನೂ ಓಡಿದೆ. ಮದುಮಕ್ಕಳನ್ನು ಇಳಿಸಿದೆವು. ಪೈಲಟ್ ಬಾಲದ ಹತ್ತಿರ ಹೋಗಿ, ದಾರ ಒಳಗೆ ಸುತ್ತಿಕೊಂಡದ್ದನ್ನು ನೋಡಿ, ತಿರುಗಿ ನಿಂತ. ಆಗ ಮಾವ ಅವನೆದುರು ಕೈ ಜೋಡಿಸಿದ. ತುಟಿ ಅಲುಗಿತು. ಬ್ಯಾಂಡಿನವರಿಗೆ ಯಾರೂ ನಿಲ್ಲಿಸಿ ಅಂದಿರಲಿಲ್ಲ, ಅವರು ನಿಲ್ಲಿಸಿರಲಿಲ್ಲ.

ಒಂದು ಸಲ ನೆನೆದರೆ "ನಮ್ಮದೇ ತಪ್ಪು" ಎಂದು ಕೇಳುತ್ತದೆ. ಇನ್ನೊಂದು ಸಲ "ನೀವು ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ" ಎಂದು. ಎರಡೂ ಅವನ ದನಿಯಲ್ಲೇ, ಎರಡೂ ಸಲೀಸಾಗಿ.

ಹೆಣ್ಣು ಗಂಡು ಕಾರಿನಲ್ಲಿ ಹೋದರು. ಮಾವ ಎಲ್ಲಿಂದಲೋ ಕಾರು ತರಿಸಿ, ಪೆಂಡಾಲಿನ ಹೂವನ್ನೇ ಕಿತ್ತು ಅದಕ್ಕೆ ಕಟ್ಟಿಸಿದ. ಬೀಗರ ಕಡೆಯಿಂದ ಒಂದು ಗೊಣಗಾಟ ಏಳುವ ಮೊದಲೇ ಕಾರು ಹೊರಟಿತ್ತು. ಅಜ್ಜಿ ಮಾತ್ರ ಹೆಲಿಕಾಪ್ಟರನ್ನು ನೋಡುತ್ತ, "ಹೂವು ತಿನ್ನಾಕ ಬಂದಿತ್ತೇನೋ ಮೂಳ" ಅಂದಳು. ಹೆಲಿಕಾಪ್ಟರು ಹೊಲದಲ್ಲೇ ಉಳಿಯಿತು. ಬೆಂಗಳೂರಿನಿಂದ ಎಂಜಿನಿಯರುಗಳು ಬಂದು ಬಾಲವನ್ನು ಬಿಚ್ಚಿದರು. ದಾರ ಒಳಗಿನ ಒಂದು ಭಾಗವನ್ನು ಕೆಡಿಸಿತ್ತು. ಅದರ ಖರ್ಚು, ಹಾರದೆ ನಿಂತ ದಿನಗಳ ನಷ್ಟ ಎರಡೂ ಸೇರಿದರೆ ಮಾವನ ಗೋಡೌನಿಗೆ ಗೋಡೌನೇ ಹೋಗುವಷ್ಟಿತ್ತು. ಕಂಪನಿಯವರು ಸ್ಪಷ್ಟವಾಗಿ ಹೇಳಿದರು: ಇದು ಇತ್ಯರ್ಥವಾಗುವವರೆಗೆ ನಿಮಗೆ ಇನ್ನೊಂದು ಹೆಲಿಕಾಪ್ಟರು ಕೊಡುವುದಿಲ್ಲ. ಜೊತೆಗೆ ನನಗೆ ಇನ್ನೊಂದು ಮಾತನ್ನೂ ಹೇಳಿದರು: ನಿಮ್ಮ ಮಾವನವರು ಸ್ಥಳದಲ್ಲೇ ತಪ್ಪು ಒಪ್ಪಿಕೊಂಡಿದ್ದಾರೆ, ನಮ್ಮ ಪೈಲಟ್ ಹೇಳಿದ್ದಾರೆ.

ಅದು ಮುಳ್ಳು. ಕಾವಲಿನವನು ಬಾಲ ಬಿಟ್ಟು ಊಟಕ್ಕೆ ಹೋದದ್ದು ಕಂಪನಿಯ ತಪ್ಪು. ಆ ವಾದವನ್ನು ವಿಮೆಯವರು ಮಾಡಬಹುದಿತ್ತು. ಆದರೆ ಮಾವ ಮೊದಲೇ ಎಲ್ಲ ತಪ್ಪನ್ನೂ ಹೊತ್ತುಕೊಂಡಿದ್ದರೆ, ನಮ್ಮ ಕೈ ಕಟ್ಟಿದಿರಿ ಎಂದು ಅವರು ಕ್ಲೇಮನ್ನೇ ತಳ್ಳಿಹಾಕಬಹುದು. ಮಾವ ಉಳಿಯಬೇಕಾದರೆ ಅವನು ಆ ಮಾತು ಅಂದಿರಬಾರದು.

ತನಿಖೆಗೆ ಬಳ್ಳಾರಿಯಿಂದ ವಿಮಾ ಕಂಪನಿಯ ಸರ್ವೇಯರ್ ಬಂದರು. ನಿಧಾನದ ಮನುಷ್ಯ, ಕನ್ನಡಕ ಒರೆಸುತ್ತಲೇ ಪ್ರಶ್ನೆ ಕೇಳುವವರು. ಮೊದಲು ಹಡಗಲಿಗೆ ಕರೆದುಕೊಂಡು ಹೋದೆ. ಹಾರ ಹಾಕಿದ್ದು ಯಾರು? ಮದುವೆಯ ಸಂಜೆ ಇದೇ ಪ್ರಶ್ನೆಗೆ ಎಷ್ಟು ಜನ ಕೈ ಎತ್ತಿದ್ದರು! ನಮ್ಮ ಕಡೆಯವರದೇ ದೊಡ್ಡ ಹಾರ ಎಂದು ಹೆಣ್ಣಿನವರು, ನಮ್ಮ ಅತ್ತಿಗೇದೇ ಎಂದು ಗಂಡಿನವರು, ಅದು ಗೌರವದ ಮಾತಾಗಿತ್ತು. ಈಗ ವಿಮೆಯವರು ಕೇಳುತ್ತಿದ್ದಾರೆ ಅಂದ ಕೂಡಲೇ ಹೆಣ್ಣಿನವರು ಗಂಡಿನವರ ಕಡೆ ತೋರಿಸಿದರು. ಫೋನಿನಲ್ಲಿ ಗಂಡಿನವರು, "ನಾವ್ಯಾಕೆ ಹಾಕಣ ಸರ್? ಹೂವಿನೋರು ಅವರು" ಅಂದರು. ಹುಡುಗಿಯ ಚಿಕ್ಕಪ್ಪ, "ತಾನೇ ಬಿದ್ದಿರಬೇಕ್ರಿ ಗಾಳಿಗೆ" ಅಂದ. ಸರ್ವೇಯರ್ ಕನ್ನಡಕ ಒರೆಸಿದರು. "ಹಾರ ತಾನೇ ಹೋಗಿ ಕೊರಳಿಗೆ ಬಿತ್ತು. ಸರಿ."

ಅಲ್ಲಿಂದ ಕೊಟ್ಟೂರು, ಮಾವನ ಗೋಡೌನು. ಸುತ್ತಿಟ್ಟ ಬಟ್ಟೆಯ ಮೇಲೆ ನಾನು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಸರ್ವೇಯರ್. ಮಾವ ಮಂಡಕ್ಕಿ ಮಿರ್ಚಿ ತರಿಸಲು ಹೊರಗೆ ಹೋಗಿದ್ದ.

"ಮೇಡಂ, ನೀವೇ ಹತ್ತಿರ ಇದ್ದವರು. ಅವರು ತಪ್ಪು ಒಪ್ಪಿಕೊಂಡರಾ?"

ದಾರಿಯುದ್ದಕ್ಕೂ ಈ ಪ್ರಶ್ನೆಗೆ ತಯಾರಾಗಿದ್ದೆ. ಅವನು ನನ್ನ ಮಾವ. ಪಾಲಿಸಿ ಮಾರಿದವಳು ನಾನು. ನನ್ನನ್ನು ನಂಬಿ ಎಮ್ಮೆಗೆ ಬಿಲ್ಲೆ ಹೊಡೆಸುವ ಜನ ಇದ್ದಾರೆ. ಇಲ್ಲ ಅಂದುಬಿಡುವುದು ಸುಲಭವಿತ್ತು, ಬೇರೆ ಸಾಕ್ಷಿ ಇರಲಿಲ್ಲ. ಆದರೆ ಅದು ಖರೆಯೋ ಸುಳ್ಳೋ ನನಗೇ ತಿಳಿಯದ ಮೇಲೆ, ಖರೆ ಎಂದು ಹೇಳುವುದೇ ಸುಳ್ಳು.

"ಕೈ ಮುಗಿದದ್ದು ನೋಡಿದೆ. ಮಾತು ಗೊತ್ತಿಲ್ಲ."

"ಪಕ್ಕದಲ್ಲೇ ಇದ್ದಿರಿ."

"ಬ್ಯಾಂಡು ಬಾರಿಸುತ್ತಿತ್ತು. ಏನೋ ಕೇಳಿಸಿದ ಹಾಗಿದೆ. ಅದು ಆ ದಿನದ್ದೇ ಅಂತ ಆಣೆ ಮಾಡಲಾರೆ."

ಆ ಹೊತ್ತಿಗೆ ಮಾವ ಕಾಗದದ ಪೊಟ್ಟಣ ಹಿಡಿದು ಒಳಗೆ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಅಂದಿರಬೇಕ್ರಿ ಸಾಹೇಬ್ರ," ಅಂದ.

ನಾನು ಬಟ್ಟೆಯ ರಾಶಿಯಿಂದ ಎದ್ದುನಿಂತೆ. "ಮಾವ, ನೀ ಸುಮ್ನಿರು."

"ಯಾಕ ಸುಮ್ನಿರಲಿ? ತಗೋರಿ ಸಾಹೇಬ್ರ, ಮಿರ್ಚಿ ಬಿಸಿ ಅದಾವ. ಅಂದಿರಬೇಕ್ರಿ. ನಾ ಎಲ್ಲಾ ಮದುವ್ಯಾಗೂ ಅಂತೀನಿ."

"ಎಲ್ಲ ಮದುವೆ ಬೇಡ. ಈ ಮದುವೆಯಲ್ಲಿ ಅಂದಿರಾ?"

"ಅದು ಹೆಂಗ ನೆಪ್ಪಿರ್ತೈತ್ರಿ? ನೀವು ಮನಿಬಿಟ್ಟು ಹೊಂಟಾಗ ಬರ್ತೀನಿ ಅಂತ ಅಂತೀರಿ. ಹೋದ ತಿಂಗಳ ಈ ದಿನ ಅಂದ್ರೋ ಇಲ್ಲೋ, ಹೇಳ್ರಿ ನೋಡೂನು."

ಸರ್ವೇಯರ್ ಮಿರ್ಚಿ ಕಡಿದರು. ಖಾರಕ್ಕೋ ಏನೋ ಕಣ್ಣು ಒರೆಸಿಕೊಂಡರು. "ಹಂಗಾದ್ರೆ ಮಳೆ ಬಂದರೂ ನಿಮ್ಮ ತಪ್ಪೇ?"

"ಹ್ಞೂ ಮತ್ತ. ಮಳಿನ ಹಿಡಕೊಂಡು ಬೈಯಾಕ ಬರ್ತೈತೇನ್ರಿ? ಮನುಷ್ಯಾರು ಅಂದ್ಮ್ಯಾಲ ಒಬ್ಬಾವ ಎದುರಿಗೆ ನಿಂದರಬೇಕು."

ಈ ಮಾತನ್ನು ಅವನು ಅಳುಕಿ ಹೇಳಲಿಲ್ಲ. ಗೋಡೌನಿನಲ್ಲಿ ನಿಂತು, ತನ್ನ ಕಂಬ, ತನ್ನ ಬಟ್ಟೆ, ತನ್ನ ಕೊಪ್ಪರಿಗೆಗಳ ನಡುವೆ ಹೇಳಿದ. ಎಲ್ಲವೂ ಹೋಗಬಹುದಿತ್ತು. ಅದು ಅವನಿಗೆ ಗೊತ್ತಿತ್ತು. ನಾನು ಅವನನ್ನು, ತಪ್ಪು ಒಪ್ಪಿಕೊಳ್ಳಬಾರದು ಎಂಬ ಪಾಲಿಸಿಯ ಆ ಕಲಮಿನಿಂದ ಕಾಯಲು ಹೊರಟವಳು. ಅವನೋ ಆ ಕಲಮಿಗಿಂತ ಹಳೆಯ ಒಂದು ಕರಾರಿನ ಮೇಲೆ ನಿಂತಿದ್ದ, ಅದನ್ನು ಅವನಿಂದ ಬಿಡಿಸುವುದು ನನ್ನಿಂದ ಆಗದ ಕೆಲಸ.

ಸರ್ವೇಯರ್ ಅಲ್ಲಿಂದಲೇ ಪೈಲಟ್‌ಗೆ ಫೋನ್ ಮಾಡಿದರು. ಇಬ್ಬರೂ ಹಿಂದಿಯಲ್ಲಿ ಮಾತಾಡಿದರು, ನಮಗೂ ಕೇಳುವ ಹಾಗೆ ಫೋನನ್ನು ಕೊಪ್ಪರಿಗೆಯ ಮೇಲೆ ಇಟ್ಟಿದ್ದರು. ಆ ದಿನ ಯಜಮಾನರು ಏನಂದರು ಎಂದು ಕೇಳಿದಾಗ ಪೈಲಟ್, ತನಗೆ ಭಾಷೆ ತಿಳಿಯಲಿಲ್ಲ ಅಂದ. ಕೈ ಮುಗಿದರು, ಅದಕ್ಕೆ ತಪ್ಪೊಪ್ಪಿಕೊಂಡರು ಅಂದುಕೊಂಡೆ, ಹಾಗೇ ಆಫೀಸಿನಲ್ಲಿ ಹೇಳಿದೆ ಅಂದ. ಮೊದಲ ಗಳಿಗೆಯಲ್ಲಿ ಮಾತ್ರ, ಹೋಗಿ ಬನ್ನಿ ಅನ್ನುತ್ತಿದ್ದಾರೆ ಅಂತಲೂ ಅನಿಸಿತ್ತು ಎಂದು ಸೇರಿಸಿದ.

ಸರ್ವೇಯರ್ ಫೋನ್ ಇಟ್ಟು ಮಾವನ ಕಡೆ ನೋಡಿದರು. "ಯಜಮಾನ್ರೇ, ತಪ್ಪೊಪ್ಪಿಗೆಗೆ ಪಾಲಿಸಿಯಲ್ಲಿ ಕಲಮು ಇದೆ. ಕೈ ಮುಗಿಯೋದಕ್ಕೆ ಇಲ್ಲ."

ಕ್ಲೇಮು ಬಂತು. ಕಾವಲಿನವನು ಜಾಗ ಬಿಟ್ಟದ್ದಕ್ಕಾಗಿ ಕಂಪನಿ ಒಂದು ಪಾಲು ತಾನೇ ಹೊತ್ತಿತು, ಉಳಿದದ್ದನ್ನು ನಮ್ಮ ಪಾಲಿಸಿ ಕೊಟ್ಟಿತು. ಎರಡನೆಯ ಪಾಲು, ಪಾತ್ರೆ ನೆಗ್ಗಿದ ಪಾಲು, ಇಲ್ಲದಿದ್ದರೆ ಏನೂ ಬರುತ್ತಿರಲಿಲ್ಲ. ಇದನ್ನು ನಾನು ಈಗ ಹೊಸ ಗಿರಾಕಿಗಳಿಗೆಲ್ಲ ಹೇಳುತ್ತೇನೆ, ಊರು ಹೆಸರು ಬಿಟ್ಟು.

ಮಾವ ಹೆಲಿಕಾಪ್ಟರು ಬಿಡಲಿಲ್ಲ. ಹಾರ ಹಾಕಬೇಡಿ ಎಂದು ಜನಕ್ಕೆ ಹೇಳಲೂ ಇಲ್ಲ. ಹೇಳಿದರೆ ಕೇಳುವವರಲ್ಲ ಎಂಬುದು ಅವನಿಗೆ ಗೊತ್ತು. ಹಗ್ಗದ ಹೊರಗೆ, ಹೆಲಿಕಾಪ್ಟರಿನಿಂದ ಚೆನ್ನಾಗಿ ದೂರದಲ್ಲಿ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಟ್ಟಿದ ಕಂಬ ಇರುತ್ತದಲ್ಲ, ಅದರ ಬುಡಕ್ಕೆ ಬಾಳೆಕಂದು ಕಟ್ಟಿಸಿ, ಒಂದು ಕುಂಕುಮದ ಬೊಟ್ಟಿಟ್ಟ. ಅಷ್ಟು ಸಾಕಾಯಿತು. ಈಗ ಎಲ್ಲ ಹಾರಗಳೂ ಆ ಕಂಬಕ್ಕೆ. ಕಾವಲಿನವನ ಊಟ ಎಲೆಯ ಸಮೇತ ಬಾಲದ ಹತ್ತಿರವೇ ಹೋಗುತ್ತದೆ.

ಹರಪನಹಳ್ಳಿಯ ಹೊರಗಿನ ಒಂದು ಮದುವೆಗೆ ಅದೇ ಪೈಲಟ್ ಬಂದ. ಇಳಿದವನೇ ಮಾವನನ್ನು ಗುರುತಿಸಿ, ತಾನೇ ಮೊದಲು ಕೈ ಮುಗಿದ. ನಾನು ಆ ದಿನ ಬೇಕೆಂದೇ ಹೋಗಿದ್ದೆ. ಮಾವನ ಪಕ್ಕ ಬಿಟ್ಟು ಅಲುಗಲಿಲ್ಲ, ಬ್ಯಾಂಡಿನವರನ್ನು ದೂರ ನಿಲ್ಲಿಸಿದ್ದೆ. ಏನಾದರೂ ಕೆಟ್ಟರೆ ಮಾವನ ಬಾಯಿಂದ ಏನು ಬರುತ್ತದೆ ಎಂದು ಕೇಳಿಸಿಕೊಳ್ಳಬೇಕಾಗಿತ್ತು.

"ಏನಲೇ, ನೆರಳಿನಂಗ ಬೆನ್ನು ಹತ್ತೀ?" ಅಂದ ಮಾವ.

"ನೀ ಏನಂತೀ ಕೇಳಬೇಕು."

"ಏನಾರ ಆದ್ರ ಅಂತೀನಿ. ತಾಳು."

ಏನೂ ಆಗಲಿಲ್ಲ. ಮದುಮಕ್ಕಳು ಹತ್ತಿದರು, ಹೆಲಿಕಾಪ್ಟರು ಎದ್ದಿತು, ಕಂಬದ ಮೇಲಿನ ಚೀಲ ಉಬ್ಬಿ ಅದರ ಬುಡದ ಹಾರಗಳು ಅಲ್ಲಾಡಿದವು. ಮಾವ ತಲೆಯೆತ್ತಿ ನೋಡುತ್ತ ಬಾಯಿ ಮುಚ್ಚಿಕೊಂಡೇ ನಿಂತಿದ್ದ.

ಹಡಗಲಿಯ ಹೊಲದಲ್ಲಿ ಅವನು ಏನಂದ ಎಂಬುದು ನನಗೆ ಗೊತ್ತಿಲ್ಲ. ಆ ಹಾರ ಯಾರು ಹಾಕಿದರು ಎಂಬುದೂ ಗೊತ್ತಿಲ್ಲ.